ಕೊಡಚಾದ್ರಿಯ ಜೀಪಿನಣ್ಣನಿಗೆ

ಹದಿನೆಂಟು ವರ್ಷದ ಮೇಲೆ ಮೊನ್ನೆ ಕೊಡಚಾದ್ರಿಗೆ ಹೋಗಿದ್ದೆ. ಕಾಲೇಜಿನ ದಿನಗಳಲ್ಲಿ 1,343 ಮೀಟರ್ ಅನ್ನೋದು ಲೆಕ್ಕಕ್ಕೇ ಇರಲಿಲ್ಲ, ನಡೆದೇ ಹತ್ತಿದ್ದೆವು. ಈ ಸಲ ಮಂಡಿ ಕೇಳಲಿಲ್ಲ. ಜೀಪು ಇಳಿದು ಸರ್ವಜ್ಞ ಪೀಠಕ್ಕೆ ಹೊರಟವಳು ಅರ್ಧ ದಾರಿಯಲ್ಲೇ ಕೂತುಬಿಟ್ಟೆ. ಮಂಜು ಬೇರೆ, ಎದುರಿಗೆ ಏನೂ ಕಾಣದು.

ಆಗ ಹುಡುಕಿಕೊಂಡು ಬಂದವರು ನೀವು, ಕೆಳಗೆ ಕಾಯಬೇಕಿದ್ದ ಡ್ರೈವರಣ್ಣ. ತಡವಾಯಿತೆಂದು ಬೈಯುತ್ತೀರಿ ಅಂದುಕೊಂಡೆ. ನೀವು ಸುಮ್ನೆ ಪಕ್ಕದಲ್ಲಿ ಕೂತು, ನನ್ನ ಹಿಮ್ಮಡಿಗೆ ಕಚ್ಚಿದ್ದ ಇಂಬಳಕ್ಕೆ ಉಪ್ಪು ಹಚ್ಚಿದಿರಿ. ನನಗೆ ಅದು ಕಚ್ಚಿದ್ದೇ ಗೊತ್ತಿರಲಿಲ್ಲ! ಆಮೇಲೆ ಕೈ ಹಿಡಿದು ಹತ್ತಿಸಿದಿರಿ.

ಆ ಪುಟ್ಟ ಕಲ್ಲಿನ ಮಂಟಪ ಮಂಜಿನೊಳಗಿಂದ ಎದ್ದು ಬಂದಾಗ ನನ್ನ ಕಣ್ಣು ತುಂಬಿತು. ನೀವು ಆಚೆ ತಿರುಗಿ ನಿಂತಿರಿ. ಅದಕ್ಕೇ ಜಾಸ್ತಿ ಥ್ಯಾಂಕ್ಸ್, ಅಣ್ಣ. ಹೆಸರು ಕೇಳುವುದನ್ನೇ ಮರೆತೆ ನೋಡಿ.