ಶಾಸಕರಿಗೆ ಬಹಿರಂಗ ಪತ್ರ: ‘ಸರ್ವಾನುಮತ’ ಎಂದು ಬರೆಯುವ ಮುನ್ನ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ದಾವಣಗೆರೆ ತಾಲ್ಲೂಕಿನ ಒಬ್ಬ ರೈತ. ಕಳೆದ ತಿಂಗಳು ನಮ್ಮೂರಲ್ಲಿ ಗ್ರಾಮಸಭೆ ಇತ್ತು. ಬಂದ ಹಣದಲ್ಲಿ ಸಮುದಾಯ ಭವನಕ್ಕೆ ಕಾಂಪೌಂಡ್ ಕಟ್ಟಿಸೋಣ ಎಂದು ಜಾಸ್ತಿ ಜನ ಹೇಳಿದರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು, “ಮೊದ್ಲು ನಮ್ಮ ಕೇರಿಗೆ ಚರಂಡಿ ಮಾಡಿಸ್ರಪ್ಪ, ಮಳೆ ಬಂದ್ರೆ ನೀರು ಮನೆಯೊಳಗೇ ಬರ್ತದೆ” ಎಂದರು. ಅಷ್ಟಕ್ಕೇ ಗದ್ದಲ. “ಊರೆಲ್ಲ ಒಂದು ಕಡೆ, ನಿಂದೇ ಒಂದು ಕಡೆನಾ? ಸುಮ್ನೆ ಕೂತ್ಕೊ ಅಜ್ಜಿ.”

ಅಜ್ಜಿ ಕೂತರು. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತಿದೆ.

ಆಮೇಲೆ ನಡಾವಳಿ ಪುಸ್ತಕ ನೋಡಿದೆ. ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿತ್ತು. ಅಜ್ಜಿಯ ಮಾತಿಗೆ ಬಹುಮತ ಸಿಗಲಿಲ್ಲ, ಸರಿ. ಆದರೆ ಅವರು ಮಾತೇ ಆಡಿಲ್ಲ ಎನ್ನುವಂತೆ ಬರೆಯುವುದು ಯಾವ ನ್ಯಾಯ?

ನೀವು ಸದನದಲ್ಲಿ ಆಡಿದ ಮಾತಿಗೆ ನಿಮ್ಮನ್ನು ಯಾರೂ ಕೋರ್ಟಿಗೆ ಎಳೆಯುವಂತಿಲ್ಲ. ಸಂವಿಧಾನದ 194ನೇ ವಿಧಿ ನಿಮಗೆ ಆ ರಕ್ಷಣೆ ಕೊಟ್ಟಿದೆ. ವಿರೋಧ ಪಕ್ಷದವರ ಮಾತೂ ಕಲಾಪದಲ್ಲಿ ದಾಖಲಾಗುತ್ತದೆ. ಅಜ್ಜಿಗೆ ಇರುವುದು 19ನೇ ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯ. ಅವರು ಯಾರನ್ನೂ ಬೈಯಲಿಲ್ಲ, ಗಲಾಟೆ ಎಬ್ಬಿಸಲಿಲ್ಲ. ಚರಂಡಿ ಕೇಳಿದರು.

ಕೇರಳದ ಒಂದು ಶಾಲೆಯಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರ ನಿಂತಿತು. ತೀರಾ ಸಣ್ಣ ಗುಂಪಿಗೂ ಸಂವಿಧಾನದಡಿ ಜಾಗ ಇದೆಯೇ ಎಂಬುದೇ ಪ್ರಜಾಪ್ರಭುತ್ವದ ನಿಜವಾದ ಪರೀಕ್ಷೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಬರೀ ಮೂರು ಮಕ್ಕಳಿಗಾಗಿ!

ನಾವೂ ಭದ್ರಾ ನಾಲೆಯ ಕೊನೆ ಭಾಗದವರು ಅಲ್ವಾ? ನೀರು ಬರದಿದ್ದಾಗ ದಾವಣಗೆರೆಯ ಜಯದೇವ ವೃತ್ತದಲ್ಲಿ ಕೂತು ಕೂಗುತ್ತೇವೆ. ಮೇಲ್ಭಾಗದವರು ಜಾಸ್ತಿ ಇದ್ದಾರೆ, ನೀವು ಸುಮ್ಮನಿರಿ ಎಂದರೆ ಒಪ್ಪುತ್ತೇವಾ?

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಕ್ಷೇತ್ರದ ಗ್ರಾಮಸಭೆಗಳಲ್ಲಿ ಒಬ್ಬರೇ ವಿರೋಧಿಸಿದರೂ ಅವರ ಮಾತು ಮುಗಿಯುವ ತನಕ ಕೇಳಲಿ. ಅವರ ಹೆಸರು, ಕಾರಣ ಎರಡನ್ನೂ ನಡಾವಳಿಯಲ್ಲಿ ಬರೆಯಲಿ. ಇದನ್ನು ಅಧಿಕಾರಿಗಳಿಗೆ ನೀವೇ ಹೇಳಿ. ಸಾಧ್ಯವಾದರೆ ನಮ್ಮೂರಿನ ಮುಂದಿನ ಸಭೆಗೆ ಬನ್ನಿ. ಅಜ್ಜಿಯನ್ನು ಕರೆದುಕೊಂಡು ಬರುವುದು ನನ್ನ ಜವಾಬ್ದಾರಿ. ಈ ಸಲ ಅವರ ಪಕ್ಕದಲ್ಲೇ ಕೂರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ