ರಾಘು, ನನಗೆ ಜ್ವರ ಇರಲಿಲ್ಲ

ಪ್ರೀತಿಯ ರಾಘು,

ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ. ಓದುವವರೆಲ್ಲ ಸಾಕ್ಷಿ. ಅಡಿಕೆ ಮಂಡಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಶನಿವಾರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ ಅಂದಾಗ ನೀನು ಬಿದ್ದು ಬಿದ್ದು ನಕ್ಕಿದ್ದೆ. ನಗು. ಅಲ್ಲಿಗೆ 14 ವರ್ಷದ ಒಬ್ಬ ಹುಡುಗ ಬರುತ್ತಾನೆ. ಹುಟ್ಟಿದ್ದು ಇಲ್ಲೇ, ಹಾಗಾಗಿ ಪಕ್ಕಾ ಅಮೆರಿಕದ ಪ್ರಜೆ. ಅಮ್ಮ ಮೆಕ್ಸಿಕೋದವರು, ಇಲ್ಲಿರಲು ಕಾಗದಪತ್ರ ಇಲ್ಲ. ಐದೈದು ನಿಮಿಷಕ್ಕೆ ಫೋನ್ ನೋಡುತ್ತಾನೆ. ಗೇಮ್ ಇರಬೇಕು ಅಂತ ಒಂದು ದಿನ ಗದರಿದೆ. ಅಮ್ಮ ಕೆಲಸ ಮುಗಿಸಿ ಬಸ್ ಹತ್ತಿದೆ ಅನ್ನುವ ಮೆಸೇಜಿಗೆ ಕಾಯುತ್ತಿದ್ದನಂತೆ. ವಲಸೆ ಪೊಲೀಸರಿಗೆ ಇವರು 'ಮಿಗ್ರಾ' ಅನ್ನುತ್ತಾರೆ. ಮಿಗ್ರಾ ಅಮ್ಮನನ್ನು ಹಿಡಿದರೆ ತಂಗಿಯನ್ನು ಸ್ಕೂಲಿಂದ ಯಾರು ಕರೆತರಬೇಕು, ಚಿಕ್ಕಮ್ಮ ಯಾವ ಫಾರಂ ತೋರಿಸಬೇಕು, ಎಲ್ಲ ಬಾಯಿಪಾಠ. ಮಗ್ಗಿ ಮಾತ್ರ ಏಳರಿಂದ ಮುಂದೆ ಹೋಗುವುದಿಲ್ಲ.

ಇವನೊಬ್ಬನ ಕಥೆಯಲ್ಲ. ಇಲ್ಲಿಂದ ಒಂದು ಗಂಟೆ ದೂರದ ಸಲೀನಾಸ್ ಕಣಿವೆಯ ಮಕ್ಕಳನ್ನು ಬರ್ಕ್ಲಿ ವಿಶ್ವವಿದ್ಯಾಲಯದವರು ಅವು ಹುಟ್ಟುವ ಮೊದಲಿಂದಲೇ ಗಮನಿಸುತ್ತಿದ್ದರು. ನೋಡಹೊರಟಿದ್ದು ಹೊಲದ ಕೀಟನಾಶಕದ ಪರಿಣಾಮ. ಟ್ರಂಪ್ ಗೆದ್ದ 2016ರ ಚುನಾವಣೆ ಆದ ಮೇಲೆ ನೋಡಿದರೆ, ವಲಸೆ ನೀತಿಯ ಚಿಂತೆ ಹತ್ತಿದ್ದ ಮಕ್ಕಳಲ್ಲಿ ಆತಂಕ ಜಾಸ್ತಿ, ನಿದ್ದೆ ಸರಿಯಿಲ್ಲ. ಎಲ್ಲವೂ ಇಲ್ಲೇ ಹುಟ್ಟಿದ ಮಕ್ಕಳು. ಆರೆಗಾನ್ ರಾಜ್ಯದಲ್ಲಿ ಇದರ ಉಲ್ಟಾ ಕಂಡಿತು. ಚಿಕ್ಕವರಿದ್ದಾಗ ಬಂದು ಕಾಗದಪತ್ರ ಇಲ್ಲದೆ ಉಳಿದವರಿಗೆ ಎರಡೆರಡು ವರ್ಷ ಗಡೀಪಾರಿನಿಂದ ರಕ್ಷಣೆ ಕೊಡುವ ಡಾಕಾ (DACA) ಅನ್ನುವ ಯೋಜನೆ 2012ರಲ್ಲಿ ಬಂತಲ್ಲ? ಅದಕ್ಕೆ ಅರ್ಹರಾದ ತಾಯಂದಿರ ಮಕ್ಕಳಲ್ಲಿ ಆತಂಕದ ಕಾಯಿಲೆ ಅರ್ಧಕ್ಕಿಂತ ಕೆಳಗಿಳಿಯಿತು. ಮಗುವಿಗೆ ಮದ್ದು ಅಮ್ಮನ ಪರ್ಸಿನಲ್ಲಿತ್ತು, ಮಾರಾಯ.

2025ರ ಜನವರಿಯಲ್ಲಿ ಸ್ಕೂಲು, ಚರ್ಚು, ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹಿಡಿಯಬಾರದು ಅಂತ ಮಿಗ್ರಾಗೆ ಇದ್ದ ಹಳೇ ಸೂಚನೆಯನ್ನೂ ತೆಗೆದುಹಾಕಿದರು. ಆಮೇಲೊಂದು ದಿನ ವಾಟ್ಸಾಪಿನಲ್ಲಿ ಸುದ್ದಿ ಬಂತು, ನಾವು ಪಾಠ ಮಾಡುವ ರಸ್ತೆಯಲ್ಲಿ ಮಿಗ್ರಾ ವ್ಯಾನ್ ನಿಂತಿದೆ ಅಂತ. ಸುಳ್ಳು ಸುದ್ದಿ. ಆದರೂ ಎರಡು ಶನಿವಾರ ನಾನು ಹೋಗಲಿಲ್ಲ. ಜ್ವರ ಅಂದೆ.

ನನ್ನ ಹತ್ತಿರ ಕೆಲಸದ ವೀಸಾ ಎಚ್-1ಬಿ ಇದೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ 11 ವರ್ಷದಿಂದ ನಿಂತಿದ್ದೇನೆ. ನನಗೇನು ಮಾಡುತ್ತಾರೆ? ಆದರೂ ಹೊಟ್ಟೆ ತೊಳೆಸುತ್ತಿತ್ತು. ಹೆದರಿಕೆಯಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. 'ನಾವು ಇವರ ಹಾಗಲ್ಲ, ಸುಮ್ನೆ ಇವರ ಜೊತೆ ಯಾಕೆ ಕಾಣಿಸಿಕೊಳ್ಳೋದು' ಅಂತ ಒಳಗಿನಿಂದ ಯಾರೋ ಹೇಳುತ್ತಿದ್ದರು. ನಮ್ಮೂರ ಜಗಲಿಯಲ್ಲಿ ಕೇಳಿ ಬೆಳೆದ ದನಿ. ನಿನಗೂ ಗೊತ್ತು ಅದು ಯಾರದ್ದು ಅಂತ.

ಮೂರನೇ ವಾರ ಹೋದೆ. ಹುಡುಗ ಪುಸ್ತಕದಿಂದ ತಲೆ ಎತ್ತದೆ ಕೇಳಿದ: "ಜ್ವರ ಹೋಯ್ತಾ ಸರ್? ನನಗೂ ಸ್ಕೂಲಿಗೆ ಹೊರಡುವಾಗ ಹಾಗೇ ಬರುತ್ತೆ."

ಸರಿ, ಸಾಕು. ನಿನ್ನ ಯೋಗಕ್ಷೇಮ ಕೇಳೋಣ ಅಂತ ಕೂತವನು ಎಲ್ಲೆಲ್ಲೋ ಹೋದೆ. ಮೊನ್ನೆ ಅವನು ಎಂಟರ ಮಗ್ಗಿ ಒಪ್ಪಿಸಿದ, ಸ್ಪ್ಯಾನಿಷ್‌ನಲ್ಲಿ. ಸರಿಯೋ ತಪ್ಪೋ ದೇವರಾಣೆ ಗೊತ್ತಾಗಲಿಲ್ಲ. ಹೆಡ್ಮಾಸ್ಟರ ಹಾಗೆ ಮೀಸೆ ತಿರುವಿ ಭೇಷ್ ಅಂದೆ. ಮೀಸೆ ಇಲ್ಲ, ಆದರೂ.

ಫೋನ್ ಎತ್ತೋ.

ನಿನ್ನ,
ಭಿನ್ನರಾಶಿ