ಸದ್ದು ತೆಗೆಯಲು ಹೋಗಿ ತಂಬೂರಿ ಅಳಿಸಬೇಡಿ

ಮಾನ್ಯ ಸಂಪಾದಕರೇ,

ಷಿಕಾಗೋದಲ್ಲಿ ನೆಲೆಸಿದ್ದ ಎ.ಕೆ. ರಾಮಾನುಜನ್ ಅವರ ಕನ್ನಡ ಕವಿತೆಗಳು 1969ರಲ್ಲಿ ಪುಸ್ತಕವಾಗಿದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಅಚ್ಚಾದದ್ದು ಉಳಿಯಿತು. ಆದರೆ ತಾವೇ ಬರೆದು, ರಾಗ ಹಾಕಿ, ಹಾರ್ಮೋನಿಯಂ ಹಿಡಿದು ಹಾಡುವ ಅನಿವಾಸಿ ಕವಿಗಳ ಪಾಡು ಬೇರೆ. ಅವರ ಕೃತಿಯ ಅರ್ಧ ಇರುವುದು ಊರಿನ ನೆಂಟರಿಗೆ ಕಳಿಸಿದ ಕ್ಯಾಸೆಟ್ಟು, ಸ್ಪೂಲುಗಳಲ್ಲಿ. ಅವನ್ನು ಡಿಜಿಟಲ್ ಮಾಡಿಸುವ ಭರದಲ್ಲಿ ಆಗುತ್ತಿರುವ ನಷ್ಟ ಕಂಡು ಈ ಪತ್ರ.

ನಮ್ಮ ಮಳೆಗಾಲಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಹಾಗೇ ಓಡಿಸಿದರೆ ಟೇಪಿನಿಂದ ದನಿ ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ದನಿ ಮಂಕಾಗಿದ್ದರೆ ಟೇಪು ಸತ್ತಿತೆಂದು ಬಿಸಾಡಬೇಡಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಪ್ಯಾಡು ಅಂಟು ಬಿಟ್ಟು ಉದುರಿರಬಹುದು. ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನೊಳಗೆ ಕೂರಿಸಿದರೆ ಸಾಕು.

ಹೆಚ್ಚು ಕೆಡುವುದು ಶ್ರುತಿ. ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿ ವೇಗ ಶೇ 6ರಷ್ಟು ಕುಗ್ಗಿದರೂ ಹಾರ್ಮೋನಿಯಂನ ಕಪ್ಪು ಎರಡರಲ್ಲಿ ಹಾಡಿದವರು ಬಿಳಿ ಎರಡಕ್ಕೆ ಇಳಿದುಬಿಡುತ್ತಾರೆ. ಅಮೆರಿಕದಲ್ಲಿ ಮುದ್ರಿಸಿದ ಟೇಪಿನೊಳಗೇ ಇದಕ್ಕೊಂದು ಸಾಕ್ಷಿ ಸಿಗುವುದುಂಟು. ಅಲ್ಲಿನ ಕರೆಂಟಿನ ಗುಂಯ್ ಸದ್ದು 60 ಹರ್ಟ್ಸ್ (ಸೆಕೆಂಡಿಗೆ 60 ಕಂಪನ), ನಮ್ಮದು 50. ಕವಿ ಹಾಡು ನಿಲ್ಲಿಸಿ ಪುಟ ತಿರುವುವಾಗ ಹೆಡ್‌ಫೋನಿನಲ್ಲಿ ಅದು ಸಣ್ಣಗೆ ಕೇಳುತ್ತದೆ. ಸದ್ದಿನ ಹರ್ಟ್ಸ್ ತೋರಿಸುವ ಕಂಪ್ಯೂಟರ್ ಪರದೆಯಲ್ಲಿ ಆ ಗುಂಯ್ ಸದ್ದಿನ ಗೆರೆ 57ರಲ್ಲಿ ಕಂಡರೆ ಶೇ 5ರಷ್ಟು ನಿಧಾನ ಎಂದರ್ಥ. ಅಲ್ಲಿಂದ ತಂದ ಹಳೆಯ ಸ್ಪೂಲ್ ಯಂತ್ರಕ್ಕೆ ಬರೀ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವುದಂತೂ ಬೇಡ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಕರೆಂಟಿನ ಹರ್ಟ್ಸ್ ಹಿಡಿದು ತಿರುಗುವ ಎಸಿ ಮೋಟರು ಆರರಲ್ಲೊಂದು ಪಾಲು ನಿಧಾನವಾಗಿ, ಹಾಡು ಹಾರ್ಮೋನಿಯಂನ ಮೂರು ಮನೆ ಕೆಳಗೆ ಬೀಳುತ್ತದೆ.

ಇನ್ನು 'ಕ್ಲೀನ್' ಮಾಡಿಸುವ ಚಟ. ಟೇಪಿನ ಸುಯ್ ಸದ್ದು ತೆಗೆಯುವ ಫಿಲ್ಟರು ತಂಬೂರಿಯ ಜವಾರಿಯನ್ನೂ, ಅಂದರೆ ತಂತಿಯ ಝೇಂಕಾರವನ್ನೂ, ಅದೇ ಕಸವೆಂದು ಗುಡಿಸಿಹಾಕುತ್ತದೆ. ಉಳಿದ ದನಿ ನೀರೊಳಗಿಂದ ಹಾಡಿದಂತೆ. ಮೊದಲು 24 ಬಿಟ್, 96 ಕಿಲೊಹರ್ಟ್ಸ್‌ನ ವೇವ್ ಫೈಲು ಮಾಡಿ, ಅದನ್ನು ಮುಟ್ಟದೆ ಎರಡು ಕಡೆ ಇಡಿ. 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 3 ಜಿಬಿ. ಇವತ್ತಿನ ಹಾರ್ಡ್ ಡಿಸ್ಕಿಗೆ ಇದು ದೊಡ್ಡದಲ್ಲ. ತಿದ್ದುವುದಿದ್ದರೆ ಪ್ರತಿಯ ಮೇಲೆ ತಿದ್ದಿ.

ಹಾಡುಗಳ ನಡುವಿನ ಮಾತನ್ನು ಕತ್ತರಿಸಬೇಡಿ. ಪದ್ಯ ಹುಟ್ಟಿದ ಸಂದರ್ಭ ಕವಿ ಹೇಳುವುದು ಅಲ್ಲೇ. ಹಾಡುವಾಗ ಬದಲಾಯಿಸಿದ ಸಾಲನ್ನು ಕೈಬರಹದ ಪ್ರತಿಯೊಂದಿಗೆ ಹೋಲಿಸಿ ಬರೆದಿಡಿ. ಕವಿ ಇನ್ನೂ ನಮ್ಮೊಡನಿದ್ದರೆ ರಾಗ, ತಾಳ, ಮುದ್ರಿಸಿದ ಊರು, ತಬಲಾ ಸಾಥಿ ಯಾರೆಂಬುದನ್ನು ಈ ವಾರವೇ ಫೋನಿನಲ್ಲಿ ಕೇಳಿಕೊಳ್ಳಿ.

– ಧ್ವನಿಮುದ್ರಣ ಸಂಗ್ರಾಹಕರು, ಧಾರವಾಡ